ಸೀರಾಗಿ ಬಂದ ನಾಲ್ಕು ಟೈರು

ಕಂಬಂ ಬಸ್ ಸ್ಟ್ಯಾಂಡಿನಿಂದ ಕುಮುಳಿ ಕಡೆ ಹೊರಟರೆ ಎಡಗಡೆ ನಮ್ಮಪ್ಪನ ಟೈರ್ ಅಂಗಡಿ. ಏಲಕ್ಕಿ ತೋಟಕ್ಕೆ ಆಳು ತುಂಬಿಕೊಂಡು ಘಾಟಿ ಹತ್ತುವ ಜೀಪು, ದ್ರಾಕ್ಷಿ ಲಾರಿ, ಟ್ರ್ಯಾಕ್ಟರ್, ಎತ್ತಿನ ಗಾಡಿ, ಎಲ್ಲಕ್ಕೂ ಟೈರು ಅಲ್ಲೇ. ಬೋರ್ಡಿನಲ್ಲಿ ಅಪ್ಪನ ಹೆಸರು, ಗಲ್ಲಾದಲ್ಲಿ ಅಪ್ಪ. ಮನೆಗೂ ಅಂಗಡಿಗೂ ನಡುವೆ ಇದ್ದ ಬಾಗಿಲ ಹಿಂದೆ ನಾನು. ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಯಾರಾದರೂ ಸ್ವಲ್ಪ ತೊಡಕಿನ ಗಾಡಿ ತಂದರೆ ಅಪ್ಪ ಒಳಗೆ ಬಂದು ನಮ್ಮ ಮನೆಮಾತಿನ ಕನ್ನಡದಲ್ಲಿ ಮೆಲ್ಲಗೆ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ, ಅಪ್ಪ ಹೊರಗೆ ಹೋಗಿ ಅದನ್ನೇ ತಮಿಳಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದ. ಗಿರಾಕಿಗಳು ಅಪ್ಪನ ತಲೆಯನ್ನು ಹೊಗಳಿ ಹೋಗುತ್ತಿದ್ದರು. ಆಗ ನನಗೆ ಅದು ತಮಾಷೆಯಾಗಿತ್ತು. ಈಗ ಇಲ್ಲ.

ನನ್ನನ್ನು ಯಾರಿಗೆ ಕೊಡಬೇಕೆಂಬುದು ನಾನು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನವಾಗಿತ್ತು. ಅಪ್ಪನ ಅಕ್ಕನನ್ನು ದಿಂಡಿಗಲ್ಲಿಗೆ ಕೊಟ್ಟಿದ್ದರು. ಅವಳ ಮಗನಿಗೆ ನಾನು. ನಮ್ಮವರಲ್ಲಿ ಅದು ಕೇಳುವ, ಒಪ್ಪುವ ವಿಷಯವಲ್ಲ, ಹಾಗೇ ನಡೆದುಹೋಗುವ ವಿಷಯ. ಆದರೆ ನನಗೂ ಅವನು ಬೇಕಾಗಿದ್ದ. ಸುಳ್ಳು ಯಾಕೆ ಹೇಳಲಿ? ಬಂದ ನೆಂಟರ ಹುಡುಗರೆಲ್ಲ ನನ್ನ ಹತ್ತಿರ "ಊಟ ಆಯ್ತಾ" ಎಂದು ಕೇಳಿ ಮುಗಿಸುತ್ತಿದ್ದರು. ಅವನು ಮಾತ್ರ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಗೇರು, ಎಂಜಿನ್ನು, ಬ್ರೇಕು ಎಂದು ಗಂಟೆಗಟ್ಟಲೆ ಮಾತಾಡುತ್ತಿದ್ದ. ನಾನು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದ. ಹೆಣ್ಣಿಗೆ ಇನ್ನೇನು ಬೇಕು ಎಂದು ಆಗ ಅಂದುಕೊಂಡಿದ್ದೆ.

ಕೇಬಲ್ ಟಿವಿಯಲ್ಲಿ ಕಾರ್ ರೇಸ್ ಬರತೊಡಗಿದ್ದ ಕಾಲ ಅದು. ದಿಂಡಿಗಲ್ ಹೊರಗೆ ನೂಲಿನ ಮಿಲ್ಲಿನ ಒಡೆಯರ ಮಗನೊಬ್ಬನಿಗೆ ಆ ಹುಚ್ಚು ಹತ್ತಿ, ಮಿಲ್ಲಿನ ಹಿಂದಿನ ಬೀಳು ಜಮೀನಿನಲ್ಲಿ ಸುತ್ತು ಬಳಸಿ ಬರುವ ಡಾಂಬರು ದಾರಿ ಹಾಕಿಸಿದ್ದ. ತಿಂಗಳಿಗೊಂದು ಭಾನುವಾರ ಅವನ ಸ್ನೇಹಿತರೆಲ್ಲ ತಮ್ಮ ತಮ್ಮ ಕಾರು ತಂದು, ಒಬ್ಬೊಬ್ಬರಾಗಿ ಓಡಿಸಿ, ಎಷ್ಟು ಹೊತ್ತಿನಲ್ಲಿ ಸುತ್ತು ಮುಗಿಸಿದರೆಂದು ಗಡಿಯಾರ ಹಿಡಿದು ನೋಡುತ್ತಿದ್ದರು. ಅದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಅತ್ತೆಯ ಮಗ ಹಳೆಯ ಪುಟ್ಟ ಕಾರೊಂದನ್ನು ಕೊಂಡು, ಹಿಂದಿನ ಸೀಟು ಕಿತ್ತುಹಾಕಿ, ಸೈಲೆನ್ಸರು ಬದಲಿಸಿ ತಯಾರು ಮಾಡುತ್ತಿದ್ದ. ಆ ಶ್ರೀಮಂತ ಹುಡುಗರ ಸಾಲಿನಲ್ಲಿ ತಾನೂ ನಿಲ್ಲಬೇಕೆಂಬ ಆಸೆ ಅವನಿಗೆ ಬಹಳ.

"ಟೈರು ಒಂದೇ ಬಾಕಿ. ಯಾವ್ದ್ ಹಾಕ್ಲಿ, ಹೇಳು," ಎಂದು ಒಂದು ಮಧ್ಯಾಹ್ನ ಕಂಬಂಗೆ ಬಂದು ಕೇಳಿದ. ಅಪ್ಪ ಕಾಮಯಗೌಂಡನ್‌ಪಟ್ಟಿಗೆ ಯಾರದೋ ಟ್ರ್ಯಾಕ್ಟರು ನೋಡಲು ಹೋಗಿದ್ದ.

ಕಾರಿನ ಜೊತೆ ಬಂದದ್ದು ನೂರ ನಲವತ್ತೈದು ಮಿಲಿಮೀಟರ್ ಅಗಲದ ಟೈರು, ಹನ್ನೆರಡು ಇಂಚಿನ ರಿಮ್ಮು. ತಿರುವಿನಲ್ಲಿ ಜೋರಾಗಿ ತಿರುಗಿಸಿದರೆ ಅದರ ಪಕ್ಕೆ ಮಡಚಿಕೊಳ್ಳುತ್ತದೆ, ಹಿಡಿತ ಸಾಲದು. ಹಾಗೆಂದು ಸಿಕ್ಕಾಪಟ್ಟೆ ದೊಡ್ಡದು ಹಾಕಿದರೂ ಕೆಟ್ಟದ್ದೇ. ಚಕ್ರ ದೊಡ್ಡದಾದಷ್ಟೂ ಅದನ್ನು ಒಂದು ಸುತ್ತು ತಿರುಗಿಸಲು ಎಂಜಿನ್ನು ಹೆಚ್ಚು ತಿಣುಕಬೇಕು, ಆ ಕಾರಿನ ಎಂಜಿನ್ನೋ ಹೊಲಿಗೆ ಯಂತ್ರದಷ್ಟು. ಅದರ ಮೇಲೆ ಮಡ್‌ಗಾರ್ಡಿನೊಳಗೆ ಜಾಗವಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಸಾಲದೆಂದು ಅಂಗಡಿಯ ನೆಲದ ಮೇಲೆ ತೋರಿಸಿದೆ. ಎತ್ತಿನ ಗಾಡಿಗೆ ಜೋಡಿ ಟೈರು ಹೊಂದಿಸುವಾಗ ನಾನು ಮಾಡುತ್ತಿದ್ದ ಕೆಲಸವೇ. ಟೈರಿಗೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದು, ನೆಲಕ್ಕೂ ಒಂದು ಗೆರೆ ಎಳೆದು, ಒಂದೇ ಸುತ್ತು ಉರುಳಿಸಿ, ಗೆರೆ ಮತ್ತೆ ನೆಲ ಮುಟ್ಟಿದ ಜಾಗಕ್ಕೆ ಟೇಪು ಹಿಡಿಯುವುದು. ಹಳೆಯದನ್ನು ಉರುಳಿಸಿದೆ, ನೂರ ಐವತ್ತೈದನ್ನು ಉರುಳಿಸಿದೆ, ಕೊನೆಗೆ ದೊಡ್ಡ ಕಾರಿಗೆ ಹಾಕುವ ನೂರ ಎಪ್ಪತ್ತೈದನ್ನು ಹದಿಮೂರು ಇಂಚಿನ ರಿಮ್ಮಿನ ಸಮೇತ ಉರುಳಿಸಿದೆ. ಕೊನೆಯದು ಎಲ್ಲವನ್ನೂ ದಾಟಿ ಬಾಗಿಲ ತನಕ ಹೋಯಿತು. ಅವನು ಮಂಡಿಯೂರಿ ಗೆರೆಗಳನ್ನೇ ನೋಡುತ್ತ ಕೂತ.

"ಈ ರಿಮ್ಮೇ ಇರ್ಲಿ. ನೂರೈವತ್ತೈದು ಹಾಕು," ಎಂದೆ.

"ನೀ ಹೇಳ್ದಂಗೇ," ಎಂದ. ಸೀದಾ ಮದುರೆಗೆ ಹೋಗಿ ಅದನ್ನೇ ಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅತ್ತೆ ಫೋನಿನಲ್ಲಿ ಮಾತಾಡುವಾಗ ಕಾರಿನ ಸಂಗತಿಯನ್ನು ಅಪ್ಪನ ಕಿವಿಗೆ ಹಾಕಿದಳು. ಅಪ್ಪನಿಗೆ ಉರಿಯಿತು. ಟೈರ್ ಅಂಗಡಿಯ ಸೋದರಮಾವ ಗಟ್ಟಿಯಾಗಿರುವಾಗ ಹುಡುಗ ಮದುರೆಯಲ್ಲಿ ಟೈರು ಹುಡುಕುವುದೇ? ಟೈರು ತಾನೇ ಕೊಡುವುದಾಗಿ, ಅದೂ ಸೀರಾಗಿ ಕೊಡುವುದಾಗಿ ಹೇಳಿಬಿಟ್ಟ. ಸೀರು ಎಂದರೆ ಸೋದರಮಾವ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ ಕೊಡುವ ಉಡುಗೊರೆ. ಅದನ್ನು ಬೇಡ ಅನ್ನುವಂತಿಲ್ಲ, ಬದಲಾಯಿಸುವಂತಿಲ್ಲ. ಅಂಗಿ ಬಿಗಿಯಾದರೂ ನಾಲ್ಕು ಜನರೆದುರು ಒಮ್ಮೆ ತೊಡಲೇಬೇಕು. ಹೆಣ್ಣಿರುವ ಮಾವ ಕೊಟ್ಟರಂತೂ ಅದನ್ನು ತೊಟ್ಟವನು ಹೆಣ್ಣನ್ನೂ ಒಪ್ಪಿದ ಹಾಗೆ, ತೆಗೆದಿಟ್ಟವನು ಹೆಣ್ಣನ್ನೂ ತೆಗೆದಿಟ್ಟ ಹಾಗೆ.

ಜೀಪಿನಲ್ಲಿ ದಿಂಡಿಗಲ್ಲಿಗೆ ಹೋದೆವು. ಅತ್ತೆಯ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ ಚಕ್ರಗಳನ್ನು ಸಾಲಾಗಿ ಮಲಗಿಸಿದರು. ನಾಲ್ಕಕ್ಕೂ ಅರಿಶಿನ, ಕುಂಕುಮದ ಬೊಟ್ಟು, ಮಲ್ಲಿಗೆ ಹೂವು, ಪಕ್ಕದಲ್ಲಿ ತೆಂಗಿನಕಾಯಿ, ಕಂಬಂ ದ್ರಾಕ್ಷಿ. ನನಗೆ ನಗು ಬರಬೇಕಿತ್ತು, ಆದರೆ ಕಣ್ಣು ಟೈರಿನ ಪಕ್ಕೆಯ ಅಂಕಿಯ ಮೇಲೆ ಬಿತ್ತು. ನೂರ ಎಪ್ಪತ್ತೈದು, ಹದಿಮೂರು ಇಂಚಿನ ಹೊಳೆಯುವ ರಿಮ್ಮು. ದೊಡ್ಡ ಕಾರಿನದು. ಬೀದಿಯ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿ "ಎಷ್ಟ್ ದೊಡ್ಡದು" ಎಂದು ಮೂಗಿನ ಮೇಲೆ ಬೆರಳಿಟ್ಟರು. ಅಪ್ಪ ಮೀಸೆ ಸವರಿಕೊಂಡ. ಅಂದೇ ಕಾರಿಗೆ ಹಾಕಿಸಿ ಬೀದಿಯಲ್ಲಿ ಒಂದು ಸುತ್ತು ಹೊಡೆಸಿದ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗೆಲ್ಲ ಟೈರು ಮಡ್‌ಗಾರ್ಡಿಗೆ ಉಜ್ಜಿ ಗೊರ ಗೊರ ಅನ್ನುತ್ತಿತ್ತು.

"ಒಸದಲ್ವಾ ಮಾಪ್ಳೆ, ಪಳಗಿದ್ರೆ ಸರಿಹೋಗ್ತದೆ," ಎಂದ ಅಪ್ಪ, ಆಗಲೇ ಅಳಿಯನೆಂದು ಕರೆಯುತ್ತ.

ಹಿತ್ತಿಲಲ್ಲಿ ಕೈ ತೊಳೆಯುವ ನೆಪದಲ್ಲಿ ಅವನು ನನ್ನ ಬಳಿ ಬಂದ. ಮುಖ ಸಪ್ಪಗಿತ್ತು. ಇದನ್ನು ಹಾಕಿಕೊಂಡು ಟ್ರ್ಯಾಕಿಗೆ ಇಳಿದರೆ ಎಲ್ಲರೂ ನಗುತ್ತಾರೆ ಎಂದ. ನಗುವುದಿರಲಿ, ತಿರುವಿನಲ್ಲಿ ಟೈರು ಸಿಕ್ಕಿಕೊಂಡರೆ ಕಾರು ಮಗುಚುತ್ತದೆ ಎಂಬ ಹೆದರಿಕೆ ನನ್ನದು. ಹೋಗುವಾಗ ಬರುವಾಗ ಸೀರಿನ ಟೈರು ಇರಲಿ, ಟ್ರ್ಯಾಕಿನಲ್ಲಿ ಮಾತ್ರ ನಾವು ಆರಿಸಿದ್ದನ್ನು ಹಾಕು ಎಂದೆ. ಅಪ್ಪನೂ ನೋಡಲು ಬರುತ್ತಾನಲ್ಲ ಎಂದು ಮತ್ತೆ ನಾನೇ ಹೆದರಿದೆ.

"ಮಾಮಂಗೆ ನಾನೇ ಹೇಳ್ತೀನಿ, ನಿನ್ ಮಗ್ಳು ಆರ್ಸಿದ್ದು ಅಂತ. ಹೆಣ್ಣೇ ಆರ್ಸಿದ್ಮೇಲೆ ಮರಿಯಾದೆ ಎಲ್ಲಿ ಓಗ್ತದೆ? ನಗ್ತಾರೆ ಅಷ್ಟೇ," ಎಂದ.

ಅದು ಸರಿಯಾದ ಮಾತು. ಕಟ್ಟಿಕೊಳ್ಳುವ ಹುಡುಗಿಯೇ ಆರಿಸಿದ್ದು ಎಂದರೆ ಸೀರನ್ನು ತಿರಸ್ಕರಿಸಿದಂತೆ ಆಗುತ್ತಿರಲಿಲ್ಲ, ಅಪ್ಪ ಒಂದು ಗಳಿಗೆ ಗೊಣಗಿ ಸುಮ್ಮನಾಗುತ್ತಿದ್ದ. ಅವನು ಹಾಗೆ ಹೇಳಿದನಲ್ಲ ಎಂದು ಆ ವಾರವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ.

ಭಾನುವಾರ ಅತ್ತೆ, ಅಪ್ಪ, ನಾನು ಮಿಲ್ಲಿನ ಹಿಂದೆ ಬೇವಿನ ಮರದ ಕೆಳಗೆ ನಿಂತಿದ್ದೆವು. ಅತ್ತ ಬಿಳಿ ಬೂಟು, ಕಪ್ಪು ಕನ್ನಡಕ ಹಾಕಿದ ಹುಡುಗರು. ನಮ್ಮವನ ಸರದಿ ಬಂತು. ಶೆಡ್ಡಿನಿಂದ ಕಾರು ಹೊರಬಂದಾಗಲೇ ನೂರ ಐವತ್ತೈದು ಎಂದು ನನಗೆ ಗೊತ್ತಾಯಿತು. ಕಾರು ದೂರದಲ್ಲಿತ್ತು, ಅಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಅವನಿಗೆ ತಿಳಿಯಲಿಲ್ಲ. ಮೊದಲ ತಿರುವಿನಲ್ಲಿ ಕಾರು ನೆಲ ಕಚ್ಚಿಕೊಂಡು ತಿರುಗಿತು, ಒಂದಿಷ್ಟೂ ಜಾರಲಿಲ್ಲ. ನೇರ ದಾರಿಗೆ ಬಂದಾಗ ಎಂಜಿನ್ನು ತಿಣುಕದೆ ಒಂದೇ ಉಸಿರಿಗೆ ಏರಿತು. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಒಳಗೆ ಕೂತವನು ಅವನಾದರೂ ಕೆಳಗೆ ಉರುಳುತ್ತಿದ್ದದ್ದು ನಾನು ಹೇಳಿದ ಮಾತು.

ತನ್ನ ದೊಡ್ಡ ಕಾರಿನ ಸಮಯಕ್ಕೆ ಈ ಹಳೆಯ ಡಬ್ಬಿ ಅಷ್ಟು ಹತ್ತಿರ ಬಂದದ್ದು ಕಂಡು ಮಿಲ್ಲಿನ ಒಡೆಯರ ಮಗನಿಗೇ ಬೆರಗು. ಕಾರಿನ ಸುತ್ತ ಬಗ್ಗಿ ನೋಡಿ, ಈ ಸೈಜು ಆರಿಸಿದ್ದು ಯಾರು ಎಂದು ಕೇಳಿದ. ನಾವೂ ಆಗಷ್ಟೇ ಅಲ್ಲಿಗೆ ಬಂದಿದ್ದೆವು.

"ನಾನೇ," ಎಂದ ಅತ್ತೆಯ ಮಗ ತಮಿಳಿನಲ್ಲಿ, ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು. ಚಾಕ್‌ಪೀಸಿನ ಗೆರೆ ಎಳೆದು, ಒಂದು ಸುತ್ತು ಉರುಳಿಸಿ, ಟೇಪು ಹಿಡಿದು ಲೆಕ್ಕ ಹಾಕಿದ ಬಗೆಯನ್ನು ಕೈ ಆಡಿಸಿ ವಿವರಿಸಿದ. ಒಂದು ಪದವೂ ಬಿಡಲಿಲ್ಲ. ಹುಡುಗರು ಹೌದೌದು ಎಂದು ತಲೆಯಾಡಿಸಿದರು.

ಅಪ್ಪ ಶೆಡ್ಡಿನತ್ತ ತಿರುಗಿದ. ಸೀರಿನ ಚಕ್ರಗಳು ಒಂದರ ಮೇಲೊಂದು ಪೇರಿಸಿದ್ದವು, ಅರಿಶಿನ ಇನ್ನೂ ಹಾಗೇ ಇತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಯಾರ್ ಹೇಳಿ ಬಿಚ್ದೆ ಮಾಪ್ಳೆ?" ಅಪ್ಪನ ದನಿ ಮೆತ್ತಗಿತ್ತು.

ಅವನು ನನ್ನನ್ನು ನೋಡಿದ. ಆಮೇಲೆ ಬಿಳಿ ಬೂಟಿನವರನ್ನು ನೋಡಿದ. "ಯಾರೂ ಹೇಳ್ಲಿಲ್ಲ ಮಾಮ, ನಾನೇ," ಎಂದ.

ಸುಮ್ಮನಿರುವ ಜಾಯಮಾನ ನನ್ನದಲ್ಲ. "ಅಪ್ಪಾ, ನಾನ್ ಹೇಳಿದ್ದು. ನಮ್ಮಂಗ್ಡೀಲಿ ಉರುಳ್ಸಿ ತೋರ್ಸಿದ್ದು ನಾನು," ಎಂದು ಎಲ್ಲರೆದುರೇ ಹೇಳಿದೆ.

"ಆಮಾವಾ, ಹೌದಾ?" ಎಂದು ಅಪ್ಪ ಅವನನ್ನು ಕೇಳಿದ. ಹೌದು ಅನ್ನುವ ಒಂದೇ ಮಾತು ಸಾಕಿತ್ತು.

ಅವನು ನಕ್ಕ. ಆ ನಗು ನನಗಲ್ಲ, ಆ ಹುಡುಗರಿಗಾಗಿ. "ಅವಳ್ಗೇನ್ ತಿಳೀತದೆ ಮಾಮ," ಎಂದ.

ಹೆಣ್ಣಿನ ಮಾತು ಕೇಳಿ ಟೈರು ಹಾಕಿದವನು ಅನ್ನಿಸಿಕೊಳ್ಳುವುದಕ್ಕಿಂತ ಆ ಹೆಣ್ಣನ್ನೇ ಬೇಡವೆಂದವನು ಅನ್ನಿಸಿಕೊಳ್ಳುವುದು ಅವನಿಗೆ ಹಗುರವಾಗಿ ಕಂಡಿತು. ಅಪ್ಪ ತಮಿಳಿನಲ್ಲಿ "ಪೋದುಂ" ಎಂದಷ್ಟೇ ಹೇಳಿ, ಸಾಕು ಅನ್ನುವಂತೆ ಕೈ ಎತ್ತಿ, ಚಕ್ರಗಳನ್ನು ತಾನೇ ಹೊತ್ತು ಜೀಪಿಗೆ ಹಾಕಿದ. ಅತ್ತೆ ಜೀಪಿನ ಸರಳು ಹಿಡಿದು ಅತ್ತಳು. ಹಿಂದಿನ ಸೀಟಿನಲ್ಲಿ ನನ್ನ ಕಾಲಿಗೆ ತಾಗಿಕೊಂಡು ಆ ನಾಲ್ಕು ಚಕ್ರ ವತ್ತಲಗುಂಡು, ಥೇಣಿ ದಾಟಿ ಬಂದವು.

ಚಿನ್ನಮನೂರು ಕಳೆದ ಮೇಲೆ ಅಪ್ಪ ಬಾಯಿಬಿಟ್ಟ. "ನೂರೈವತ್ತೈದೇ ಸರೀ ಸೈಜು."

"ನಿಂಗ್ ಗೊತ್ತಿತ್ತಾ?"

"ಇಷ್ಟ್ ವರ್ಸ ಟೈರ್ ಮಾರ್ದವ್ನ್ಗೆ ಅಷ್ಟೂ ಗೊತ್ತಿರಲ್ವಾ? ಸೀರು ಅಂದ್ರೆ ನಾಕ್ ಜನದ್ ಕಣ್ಗೆ ದೊಡ್ಡದಾಗ್ ಕಾಣ್ಬೇಕು ತಾಯಿ. ಸಣ್ಣದ್ ಕೊಟ್ರೆ ಊರೇನಂತದೆ?"

"ನಾನೇ ಹೇಳಿದ್ದು ಅಂತ್ಲೂ ಗೊತ್ತಾಯ್ತಾ?"

"ಚಾಕ್‌ಪೀಸು, ಟೇಪು ಅಂತ ಅವ್ನ್ ಸುರು ಮಾಡ್ದಾಗ್ಲೇ."

"ಮತ್ತೆ ಅಲ್ಲೇ ಯಾಕ್ ಹೇಳ್ಲಿಲ್ಲ ಅಪ್ಪಾ?"

ಅಪ್ಪ ರಸ್ತೆಯನ್ನೇ ನೋಡುತ್ತಿದ್ದ. "ನಮ್ಮಂಗ್ಡೀಲಿ ಸೈಜ್ ಹೇಳೋದು ನನ್ ಮಗ್ಳು ಅಂತ ಅಷ್ಟ್ ಜನದ್ ಮುಂದೆ ಎಂಗ್ ಹೇಳ್ಲಿ?" ಎಂದ. ಹನುಮಂತನಪಟ್ಟಿಯ ದ್ರಾಕ್ಷಿ ಚಪ್ಪರಗಳು ಹಿಂದೆ ಹೋದವು, ಉತ್ತಮಪಾಳಯ ಬಂತು. ಆ ಹುಡುಗನ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಅಲ್ಲೇ ಅಪ್ಪನ ಕಡೆಗೆ ತಿರುಗಿತು, ಇವತ್ತಿಗೂ ವಾಪಸು ಬಂದಿಲ್ಲ.

ದ್ರಾಕ್ಷಿ ಕೊಯ್ಲು ಒಂದು ಮುಗಿದ ಮೇಲೆ ಅತ್ತೆ ಬಂದಳು. ಅಕ್ಕ ತಮ್ಮ ಅತ್ತು ಒಂದಾದರು. ಹುಡುಗ ಒಪ್ಪಿದ್ದಾನೆ, ಸೀರಿನ ಟೈರು ಹಾಕಿಕೊಂಡೇ ಓಡಾಡುತ್ತಾನಂತೆ, ಆಗಿದ್ದು ಆಗಿಹೋಯಿತು ಎಂದಳು. ಅಪ್ಪನಿಗೂ ಅದೇ ಬೇಕಿತ್ತು. ಇಬ್ಬರೂ ನನ್ನ ಕಡೆ ನೋಡಿದರು.

"ನಂಗ್ ಬ್ಯಾಡ ಅತ್ತೆ," ಎಂದೆ. ಎಷ್ಟು ಬೈದರೂ ಎಷ್ಟು ಗೋಗರೆದರೂ ಮಾತು ಬದಲಿಸಲಿಲ್ಲ. ಟೈರಿನ ನೆಪ ಹೇಳಿ ಅವನೇ ನನ್ನನ್ನು ಬಿಟ್ಟನೆಂದು ಊರು ಮಾತಾಡಿಕೊಂಡಿತು. ಇಂದಿಗೂ ಮದುವೆಮನೆಗಳಲ್ಲಿ ಹೆಂಗಸರು ಅದಕ್ಕೇ ನನ್ನ ಬೆನ್ನು ಸವರುತ್ತಾರೆ.

ಅಂದು ಅತ್ತೆ ಬಸ್ಸು ಹತ್ತಿದ ಸ್ವಲ್ಪ ಹೊತ್ತಿಗೆ ಅಂಗಡಿ ಮುಂದೆ ಒಂದು ಜೀಪು ಬಂದು ನಿಂತಿತು. ಯಾವುದೋ ಹಳೇ ಗಾಡಿಯ ಆಕ್ಸಲ್ಲು ಕೂರಿಸಿದ ಜೀಪು, ರಿಮ್ಮು ಬೇರೆ, ಡ್ರೈವರನಿಗೇ ಅಳತೆ ಗೊತ್ತಿಲ್ಲ. "ಇರಪ್ಪ, ನೋಡಿ ಹೇಳ್ತೀನಿ," ಎಂದು ಅಪ್ಪ ತಮಿಳಿನಲ್ಲಿ ಹೇಳಿ ಎಂದಿನಂತೆ ಬಾಗಿಲ ಹಿಂದೆ ಬಂದ. "ಇದ್ಕೆ ಯಾವ್ ಸೈಜು ತಾಯಿ?" ಎಂದು ಮೆಲ್ಲಗೆ ಕೇಳಿದ.

ಕಿಟಕಿಯಿಂದಲೇ ಚಕ್ರ ಕಾಣುತ್ತಿತ್ತು. ನನಗೆ ಗೊತ್ತಿತ್ತು.

"ನಂಗೇನ್ ತಿಳೀತದೆ ಅಪ್ಪಾ," ಎಂದೆ.