ಹಾಸನದಲ್ಲೊಂದು ಜಾಜ್ ಕಛೇರಿ

ಚನ್ನರಾಯಪಟ್ಟಣದ ಜಿತೇಂದ್ರ ಡ್ರಮ್ಸ್ ಕಲಿತದ್ದು ಮದುವೆ ಆರ್ಕೆಸ್ಟ್ರಾಗಳಲ್ಲಿ. ಜಾಜ್ ಹುಚ್ಚು ಹತ್ತಿದ್ದು ಬೆಂಗಳೂರಿನ ಒಂದು ಹೋಟೆಲಿನಲ್ಲಿ. ಅಲ್ಲಿ ಪಿಯಾನೊ, ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಇಬ್ಬರು ಹಿರಿಯರ ಹಿಂದೆ ಕೂತು ಹನ್ನೆರಡು ವರ್ಷ ಬಾರಿಸಿದ. ಕೋಲು ಬದಿಗಿಟ್ಟು ತಂತಿಯ ಬ್ರಷ್ಷಿನಿಂದ ಡ್ರಮ್ಮಿನ ಮೈ ಸವರುವುದನ್ನು ಅವರೇ ಕಲಿಸಿದರು. ಕೊರೊನಾ ಬಂದಾಗ ಹೋಟೆಲು ಬಾಗಿಲು ಹಾಕಿತು. ಮತ್ತೆ ತೆರೆದಾಗ ಬ್ಯಾಂಡ್ ಬೇಡವೆಂದರು.

ಊರಿಗೆ ಬಂದು ಶಶಿಕುಮಾರನ ಆರ್ಕೆಸ್ಟ್ರಾ ಸೇರಿದ. ಹೊಳೆನರಸೀಪುರದ ಒಂದು ಆರತಕ್ಷತೆಯಲ್ಲಿ ಕೈ ತಾನಾಗಿ ಜಾಜ್ ಲಯಕ್ಕೆ ಹೊರಳಿತು. ಹಾಡುತ್ತಿದ್ದ ಲತಾ ಚರಣ ಎತ್ತಿಕೊಳ್ಳಲಾಗದೆ ಮೈಕ್ ಹಿಡಿದು ನಿಂತುಬಿಟ್ಟಳು.

"ಏನ್ ಸಾ, ಅಂಗೆಲ್ಲ ಬಾರ್ಸಿದ್ರೆ ಜನ ಕುಣಿಯೋದೆಂಗೆ?" ಎಂದ ಶಶಿಕುಮಾರ್. ಮುಂದಿನ ವಾರ ಡ್ರಮ್ಸ್ ಇದ್ದ ಜಾಗಕ್ಕೆ ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್ ತಂದಿಟ್ಟ; ಜಿತೇಂದ್ರನ ಕೆಲಸ ಹೋಯಿತು.

ಜಿತೇಂದ್ರ ಹಟಕ್ಕೆ ಬಿದ್ದ. ಒಂದು ಸಲವಾದರೂ ತನ್ನ ಜಿಲ್ಲೆಯವರು ಜಾಜ್ ಕೇಳಲಿ ಎಂದು ಹಾಸನದಲ್ಲಿ ಒಂದು ಸಭಾಂಗಣ ಹಿಡಿದು, ಆ ಇಬ್ಬರು ಹಿರಿಯರನ್ನೂ ಕರೆಸಿದ. ಭಾನುವಾರ ಬೆಳಗ್ಗೆ ಹತ್ತೊಂಬತ್ತು ಮಂದಿ ಬಂದರು; ಅವರಲ್ಲಿ ಆರು ಜನ ಹೆಂಡತಿ ಸಮತಾಳ ತವರಿನವರು. ಎರಡನೆಯ ಟ್ಯೂನಿಗೆ ಅವನು ಬ್ರಷ್ ಕೈಗೆತ್ತಿಕೊಳ್ಳುವ ಹೊತ್ತಿಗೆ, ಪಕ್ಕದ ಮೈದಾನದಲ್ಲಿ ಯಾವುದೋ ಸಂಘದ ಸಮಾವೇಶದ ಸ್ಪೀಕರ್ ಮೊಳಗತೊಡಗಿತು. ಜಿತೇಂದ್ರ ಓಡಿಹೋಗಿ ಅಲ್ಲಿನ ಕಾರ್ಯಕರ್ತನೊಬ್ಬನಿಗೆ ಕೈಮುಗಿದ.

"ಅರ್ಧ ಗಂಟೆ ಸೌಂಡ್ ಕಮ್ಮಿ ಮಾಡ್ರಣ್ಣ."

"ನಮ್ಗೂ ಪರ್ಮಿಶನ್ ಐತೆ ಕಣಣ್ಣ. ನೀವೂ ಜೋರಾಗ್ ಬಾರ್ಸಿ, ಯಾರ್ ಬ್ಯಾಡ ಅಂದೋರು?"

ಹಿಂತಿರುಗಿದಾಗ ಸ್ಯಾಕ್ಸೊಫೋನಿನ ಹಿರಿಯರು ವಾದ್ಯವನ್ನು ಪೆಟ್ಟಿಗೆಯಲ್ಲಿ ಇಡುತ್ತಿದ್ದರು. "ಈ ಗದ್ದಲದಲ್ಲಿ ಆಗಲ್ಲಪ್ಪ ಜಿತು," ಎಂದರು. ಜಿತೇಂದ್ರ ಕೋಲು ಎತ್ತಿಕೊಂಡು ಒಬ್ಬನೇ, ತೋಳು ಸೋಲುವವರೆಗೆ ಬಡಿದ. ಅಷ್ಟು ಹೊತ್ತು ಸುಮ್ಮನಿದ್ದ ಜನ ಚಪ್ಪಾಳೆ ತಟ್ಟಿದರು. ಒಬ್ಬ ಶಿಳ್ಳೆಯನ್ನೂ ಹಾಕಿದ.

"ಕೊನೇದು ಎಲ್ರಿಗೂ ಹಿಡಿಸ್ತು ಕಣ್ರೀ," ಎಂದಳು ಸಮತಾ, ಬಸ್ಸಿನಲ್ಲಿ.

"ಅದು ಜಾಜ್ ಅಲ್ಲ ಕಣೇ. ಬರೀ ಸಿಟ್ಟು."

ಈಗ ಅವನು ಅರಕಲಗೂಡಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಥಸಂಚಲನದ ಬ್ಯಾಂಡ್ ಕಲಿಸುತ್ತಾನೆ. ಎಡ, ಬಲ, ಎಡ, ಬಲ. ಹಿರಿಯರು ಫೋನ್ ಮಾಡಿದರೆ ಎತ್ತುವುದಿಲ್ಲ. ಸ್ವಾತಂತ್ರ್ಯ ದಿನದಂದು ಮಕ್ಕಳು ಬಹುಮಾನ ಗೆದ್ದಾಗ ಹೆಡ್‌ಮಾಸ್ಟರ್ ಪರಮಶಿವಯ್ಯ ಅವನಿಗೆ ಶಾಲು ಹೊದಿಸಿ, "ಇಂಥ ಡ್ರಮ್ಮರ್ ನಮ್ಮ ತಾಲ್ಲೂಕಲ್ಲೇ ಇಲ್ಲ," ಎಂದರು. ಜಿತೇಂದ್ರ ಆ ಶಾಲನ್ನು ಬಸ್ಸಿನ ಸೀಟಿನಲ್ಲೇ ಬಿಟ್ಟು ಇಳಿದ. ಕಂಡಕ್ಟರ್ ಕೂಗಿ ಕರೆದು, ಕಿಟಕಿಯಿಂದ ಕೈಗೆ ಕೊಟ್ಟ.