ಹೆಳವರ ಹೊಳೆಯಪ್ಪನ ಟ್ರಂಕಿನ ತಳದ ಪುಸ್ತಕ

ಹೆಳವರ ಹೊಳೆಯಪ್ಪನನ್ನು ನಾನು ಮೊದಲಿನಿಂದಲೂ ನಂಬಿದವಳಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಮಿಶ್ರಿಕೋಟಿಗೆ ಬಂದು, ಒಂದೊಂದು ಮನೆಯ ಕಟ್ಟೆಯ ಮೇಲೆ ಕೂತು, ಆ ಮನೆಯ ಏಳು ತಲೆಮಾರಿನ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿ, ಜೋಳ ಹಾಕಿಸಿಕೊಂಡು ಹೋಗುವುದು ಅವನ ವಂಶದ ಕಸುಬು. ಅವನಪ್ಪ ಎತ್ತಿನ ಮೇಲೆ ಬರುತ್ತಿದ್ದನಂತೆ. ಇವನು ಬರುವುದು ಬೈಕಿನಲ್ಲಿ, ಹಿಂದಿನ ಸೀಟಿಗೆ ತಗಡಿನ ಟ್ರಂಕು ಬಿಗಿದುಕೊಂಡು. ಅರವತ್ತು ದಾಟಿದರೂ ಕಂಠ ಮಾತ್ರ ಕಂಚು. ಇಷ್ಟು ಚೆಂದ ಹೇಳುವವನು ಅಷ್ಟೂ ಖರೆ ಹೇಳಲಾರ ಎಂಬುದು ನನ್ನ ಗುಮಾನಿ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳಿಗೆ ಅಷ್ಟಾದರೂ ಗುಮಾನಿ ಇರಬೇಕಲ್ಲ.

ನಮ್ಮ ಕಟ್ಟೆಯ ಮೇಲೆ ಅವನು ತಪ್ಪದೆ ಹೇಳುತ್ತಿದ್ದುದು ನನ್ನ ಗಂಡನ ಅಜ್ಜ ಈರಬಸಪ್ಪನ ಕಥೆ. ನಲವತ್ತೆರಡರ ಚಳವಳಿಯಲ್ಲಿ ಬ್ರಿಟಿಷರ ಟೆಲಿಗ್ರಾಫ್ ತಂತಿ ಕತ್ತರಿಸಿದ ಧೀರ! ಕೇಳುತ್ತ ನಮ್ಮತ್ತೆ ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಪಂಚಾಯಿತಿಯವರು ಊರಿನ ಹೋರಾಟಗಾರರ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸುತ್ತಾರೆಂದು ಗೊತ್ತಾದಾಗ, ತಮ್ಮ ಮಾವನ ಹೆಸರು ಅದರಲ್ಲಿ ಬರಲೇಬೇಕೆಂದು ಹಟ ಹಿಡಿದರು. ಅರ್ಜಿ ಬರೆದವಳು ನಾನು. ಅತ್ತೆಯ ಮುಖ ನೋಡಿ, ‘ದಾಖಲೆ ಪರಿಶೀಲಿಸಿದ್ದೇನೆ’ ಎಂದು ಸಹಿ ಹಾಕಿದವಳೂ ನಾನೇ.

ಮುಂದಿನ ವಾರ ತವರುಮನೆ ದೇವಿಕೊಪ್ಪಕ್ಕೆ ಹೋದರೆ, ಅಲ್ಲಿ ಇದೇ ಹೊಳೆಯಪ್ಪ ತನ್ನ ಕಥೆಯಲ್ಲಿ ನಮ್ಮ ಮುತ್ತಜ್ಜನ ಕೈಯಿಂದ ತಂತಿ ಕತ್ತರಿಸಿಸುತ್ತಿದ್ದ. ಅದೇ ಕಂಬ, ಅದೇ ಕತ್ತಲು. ನನ್ನ ಮೈಯೆಲ್ಲ ಉರಿಯಿತು.

ಅವನು ಮತ್ತೆ ನಮ್ಮ ಕಟ್ಟೆಗೆ ಬಂದ ದಿನ ಅತ್ತೆ ಮಠಕ್ಕೆ ಹೋಗಿದ್ದರು.

"ಹೊಳೆಯಪ್ಪ, ಆ ಒಂದ್ ತಂತಿ ಎಷ್ಟ್ ಮಂದಿ ಕತ್ತರಿಸ್ಯಾರ?" ಎಂದೆ.

ಅವನು ನಕ್ಕ. "ಸ್ವಾತಂತ್ರ್ಯ ಬಂದ ಮ್ಯಾಲೆ ಎಲ್ಲಾರ ಮನ್ಯಾಗೂ ಒಬ್ಬ ಹೋರಾಟಗಾರ ಬೇಕಾದನ್ರೀ ಅಕ್ಕಾರ. ನೀವೂ ಹೊಸಾ ಪುಸ್ತಕ ಬಂದಂಗ ಹೊಸಾ ಪಾಠ ಹೇಳೂದಿಲ್ಲೇನ್ರಿ ಸಾಲ್ಯಾಗ?"

ಮಾತು ನಾಟಿತು, ಅದಕ್ಕೇ ಸಿಟ್ಟು ಹೆಚ್ಚಾಯಿತು. "ಮಾತ್ ಮರಸಬ್ಯಾಡ. ಖರೇ ಬರದದ್ದು ಇದ್ರ ತೋರಸು."

ಅವನ ನಗು ನಿಂತಿತು. "ಬ್ಯಾಡ್ರಿ ಅಕ್ಕಾರ. ಅದು ನಮ್ಮಜ್ಜ ಬರದದ್ದು."

ನಾನು ಬಿಡಲಿಲ್ಲ. ಕೊನೆಗೆ ಅವನು ಟ್ರಂಕಿನ ತಳದಿಂದ, ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಪುಸ್ತಕ ತೆಗೆದ. ಹಾಳೆ ಕಂದಿದ್ದವು, ಅಕ್ಷರ ಕಂದಿರಲಿಲ್ಲ. ಈರಬಸಪ್ಪ ಆಗ ಊರಿನ ಪೊಲೀಸ್ ಪಾಟೀಲ. ತಂತಿ ಕತ್ತರಿಸಿದವನು ಇದೇ ಊರಿನ ಮಾಬುಸಾಬ. ಅವನು ಬಣವೆಯ ಹಿಂದೆ ಅಡಗಿದ್ದನ್ನು ಫೌಜದಾರನಿಗೆ ತೋರಿಸಿಕೊಟ್ಟು ಈರಬಸಪ್ಪ ಸರಕಾರದಿಂದ ಬೆಳ್ಳಿ ಕಡಗ ಪಡೆದ. ಮಾಬುಸಾಬ ಜೈಲಿನಲ್ಲೇ ತೀರಿಕೊಂಡ. ಬರೆದವನು ಇದನ್ನು ನಮ್ಮ ಮನೆತನದ ಹೊಗಳಿಕೆಯೆಂದೇ ಬರೆದಿದ್ದ. ಆಗ ಸರಕಾರ ಬ್ರಿಟಿಷರದಿತ್ತು.

ಮಾಬುಸಾಬನ ಮೊಮ್ಮಗಳು ನಾಜಿಮಾ ನಮ್ಮ ಓಣಿಯಲ್ಲೇ ಇರುತ್ತಾಳೆ, ನನ್ನ ಜಂಪರ್ ಹೊಲಿಯುವವಳು ಅವಳೇ. ಅವರ ಮನೆಯ ವಂಶ ಹೇಳಲು ಯಾವ ಹೆಳವರೂ ಬರುವುದಿಲ್ಲ. "ನಮ್ಮಜ್ಜ ಕಳವಿನ ಕೇಸಿನಾಗ ಜೈಲಿಗೆ ಹೋಗಿದ್ನಂತ್ರಿ" ಎಂದು ಅವಳು ಒಮ್ಮೆ ತಲೆ ತಗ್ಗಿಸಿ ಹೇಳಿದ್ದಳು.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅತ್ತೆಯ ಮುಖ ನೆನಪಾಯಿತು, ಅರ್ಜಿಯ ಮೇಲಿನ ನನ್ನ ಸಹಿ ನೆನಪಾಯಿತು. ಪುಸ್ತಕ ಮುಚ್ಚಿದೆ.

"ಇದನ್ನ ಮತ್ಯಾರರ ನೋಡ್ಯಾರೇನು, ಹೊಳೆಯಪ್ಪ?"

ಅವನು ಪುಸ್ತಕಕ್ಕೆ ಮತ್ತೆ ಬಟ್ಟೆ ಸುತ್ತುತ್ತ, ನನ್ನ ಕಡೆ ನೋಡದೆ ಹೇಳಿದ: "ಇಲ್ರಿ. ನಲವತ್ತೇಳರಾಗ ನಿಮ್ಮ ಮನಿ ಅಜ್ಜಾರೂ ನಮ್ಮಪ್ಪಗ ಇದೇ ಮಾತು ಕೇಳಿದ್ರಂತ್ರಿ."

ಆಗಸ್ಟ್ ಹದಿನೈದಕ್ಕೆ ಕಲ್ಲು ನಿಂತಿತು. ಧ್ವಜ ಏರಿದ ಮೇಲೆ ನಾಜಿಮಾ ತನ್ನ ಮಗಳನ್ನು ಕರೆತಂದು, ಬೆರಳಿಟ್ಟು ಹೆಸರು ಓದಿಸುತ್ತಿದ್ದಳು. "ಈರಬಸಪ್ಪ. ಅಕ್ಕಾರ ಮನಿ ಅಜ್ಜಾರ ಇವರು, ಕೈ ಮುಗಿ" ಎಂದಳು. ಆ ಕೂಸು ಕೈ ಮುಗಿಯಿತು. ನಾನು ಬಾಜೂಕೇ ನಿಂತಿದ್ದೆ.