ಒಂದು ಚಮಚಕ್ಕೆ ಒಂದು ಬೀರು

ಬಸ್ ಟಿಕೆಟ್ಟಿನ ದರ ಲೆಕ್ಕ ಹಾಕುವ ಪ್ರೋಗ್ರಾಮನ್ನು ಮಗುವಿನಂತೆ ಸಾಕಿದವಳು ಅತ್ತಿಗೆ. ವಿದ್ಯಾರ್ಥಿ, ವೃದ್ಧ, ಪಾಸಿನವರು, ಒಬ್ಬೊಬ್ಬರ ದರಕ್ಕೂ ಒಂದೊಂದು ಕ್ಲಾಸ್, ಅಂದರೆ ನೆನಪನ್ನೂ ಕೆಲಸವನ್ನೂ ಒಟ್ಟಿಗಿಡುವ ಕೋಡಿನ ಪೆಟ್ಟಿಗೆ, ಕಟ್ಟಿದ್ದಳು. ಈ ಮಾದರಿಗೆ ಸ್ಟ್ರಾಟಜಿ ಎಂದು ಹೆಸರು. ನಾದಿನಿ ಅದೇ ಆಫೀಸಿಗೆ ಸೇರಿದ್ದೇ ತಡ, ಇದನ್ನೆಲ್ಲ ಕಿತ್ತೊಗೆಯಬೇಕು ಎಂದಳು. ಅತ್ತಿಗೆಗೆ ಒಂದೇ ಚಿಂತೆ: ಕೋಡೇ ಹೋದಮೇಲೆ ತನ್ನನ್ನು ಕೇಳುವವರು ಯಾರು?

"ಪ್ರತಿ ಕ್ಲಾಸಲ್ಲೂ ಇರೋದು ಒಂದೊಂದೇ ಫಂಕ್ಷನ್, ಒಂದೊಂದೇ ಲೆಕ್ಕ, ಅತ್ತಿಗೆ. ಒಂದು ಚಮಚ ಇಡೋಕೆ ಒಂದು ಬೀರು ಯಾಕೆ? ಚಮಚಾನೇ ಕೈಗೆ ಕೊಡಿ."

ಅತ್ತಿಗೆ ಒಂದೊಂದೇ ಕ್ಲಾಸ್ ತೆರೆದು ನೋಡಿದಳು. ಹುಡುಗಿ ಹೇಳಿದ್ದು ಸುಳ್ಳಲ್ಲ. ಮುಖ ಗಂಟಿಕ್ಕಿಕೊಂಡೇ ನಾದಿನಿ ಹೊಸದಾಗಿ ಬರೆದ ಕೋಡನ್ನೂ ತೆರೆದಳು. ಅಲ್ಲಿ ಟಿಕೆಟ್ ಕೊಡುವ ಫಂಕ್ಷನ್, ರದ್ದು ಮಾಡುವ ಫಂಕ್ಷನ್ ಎರಡೂ ಒಂದೇ ದರವನ್ನು ನೆನಪಿಟ್ಟುಕೊಂಡು ಜೋಡಿಯಾಗಿ ಕೂತಿದ್ದವು.

"ಇದೇನಮ್ಮ?"

"ಕ್ಲೋಷರ್. ಹುಟ್ಟಿದ ಜಾಗದ ನೆನಪು ಇಟ್ಕೊಂಡಿರೋ ಫಂಕ್ಷನ್."

"ನೆನಪೂ ಇದೆ, ಕೆಲಸಾನೂ ಮಾಡುತ್ತೆ. ಕ್ಲಾಸ್ ಕಟ್ಟೋ ನಮ್ಮ ಕಡೆ ಇದಕ್ಕೆ ಆಬ್ಜೆಕ್ಟ್ ಅಂತೀವಿ. ನೀನೂ ಬೀರುನೇ ಮಾಡಿದೀಯ, ಬಾಗಿಲು ಇಟ್ಟಿಲ್ಲ ಅಷ್ಟೆ."

ನಾದಿನಿಗೆ ನಗು ತಡೆಯಲಾಗಲಿಲ್ಲ.

ದರದ ಕ್ಲಾಸುಗಳನ್ನು ಅತ್ತಿಗೆ ತಾನೇ ಅಳಿಸಿ, ಹಳೆಯ ಹೆಸರುಗಳನ್ನು ಫಂಕ್ಷನ್ನುಗಳಿಗೆ ಅಂಟಿಸಿದಳು. ಮರುದಿನ ನಾದಿನಿ ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದಳು.

"ಅತ್ತಿಗೆ, ರದ್ದು ಮಾಡೋ ಫಂಕ್ಷನ್ನಿಗೆ ಹೊಸ ಹೊಸ ಕೆಲಸ ಸೇರ್ತಾ ಇದೆ. ನಿಮ್ಮ ಥರ ಕ್ಲಾಸ್ ಕಟ್ಟಿ, ಬೀರುವಲ್ಲೇ ಇಡೋಣ್ವಾ?"

"ಬಂದ್ಯಾ ದಾರಿಗೆ. ಕೂತ್ಕೋ, ಬಾಗಿಲು ನಾನಿಡ್ತೀನಿ."